ಸೂರಿನ ನೀರು, ಪಡುವಣದ ನೆರಳು

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣದಲ್ಲಿ, ಸೊನೋರಾ ಮರುಭೂಮಿಯ ನಡುವೆ, ಟೂಸಾನ್ ಎಂಬ ನಗರವಿದೆ. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 270 ಮಿ.ಮೀ. ನಮ್ಮ ಚಳ್ಳಕೆರೆಯಲ್ಲೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಬಿಸಿಲು ಮತ್ತು ಒಣಗಾಳಿ ಸೇರಿ ಅಲ್ಲಿನ ಹಸಿರು ನೆಲದಿಂದ ಹೀರಬಲ್ಲ ನೀರಾದರೋ ಇದರ ಏಳು ಪಟ್ಟು. ಹೀಗಿದ್ದರೂ ಎರಡನೆಯ ಮಹಾಯುದ್ಧದ ನಂತರ ಪೂರ್ವದ ತಂಪು ರಾಜ್ಯಗಳಿಂದ ಇಲ್ಲಿಗೆ ವಲಸೆ ಬಂದವರಲ್ಲಿ ಬಹಳ ಮಂದಿ ಹಿತ್ತಲಿಗೆ ಹುಲ್ಲು ಹಾಸಿದರು. ಊರು ಬಿಟ್ಟು ಬಂದವರು ಊರಿನ ಹಿತ್ತಲನ್ನೂ ಹೊತ್ತು ತರುವುದು ಹೊಸತೇನಲ್ಲ. ಆದರೆ ಇಲ್ಲಿ ಅದಕ್ಕೆ ತೆತ್ತ ಬೆಲೆ ಅಂತರ್ಜಲ. ಕೊಳವೆಬಾವಿಗಳು ಆಳಕ್ಕಿಳಿದವು, ನಗರದ ನಡುಭಾಗದಲ್ಲಿ ನೀರಿನ ಮಟ್ಟ 60 ಮೀಟರಿಗಿಂತಲೂ ಕೆಳಗೆ ಕುಸಿಯಿತು, ಒಂದು ಕಾಲಕ್ಕೆ ಊರಿನ ಬದಿಯಲ್ಲಿ ಹರಿಯುತ್ತಿದ್ದ ಸಾಂತಾಕ್ರೂಜ್ ಹೊಳೆ ಮರಳಿನ ಪಟ್ಟಿಯಾಯಿತು.

1977ರಲ್ಲಿ ನಗರದ ನೀರು ಇಲಾಖೆ ಬೇಸಿಗೆಯ ಸಂಜೆ ಹೊತ್ತಿನ ನೀರಿನ ಬಳಕೆ ತಗ್ಗಿಸಲು ದೊಡ್ಡ ಪ್ರಚಾರ ಶುರುಮಾಡಿತು. ಆ ವರ್ಷಗಳಲ್ಲಿ ಟೂಸಾನ್ ಜನ ಹುಲ್ಲಿನ ಮೋಹ ಕಳಚಿಕೊಂಡರು. ಈಗ ಊರಿಗೆ ನೀರು ಬರುತ್ತಿರುವುದು ಮುಖ್ಯವಾಗಿ ಕೊಲರಾಡೊ ನದಿಯಿಂದ, 541 ಕಿ.ಮೀ. ಉದ್ದದ ಕಾಲುವೆಯಲ್ಲಿ, ದಾರಿಯಲ್ಲಿ 800 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಪಂಪು ಮಾಡಿಸಿಕೊಂಡು. ಆ ನದಿಯಲ್ಲೂ ನೀರು ಸಾಲದೆಂದು 2021ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ಮೊದಲ ಬಾರಿಗೆ ಅಧಿಕೃತವಾಗಿ ಘೋಷಿಸಿತು. ಹುಲ್ಲಿನ ಹಸಿವು ಎಷ್ಟು ಎಂಬುದಕ್ಕೆ ಪಕ್ಕದ ನೆವಾಡಾ ರಾಜ್ಯದ ಲಾಸ್ ವೇಗಸ್‌ನಲ್ಲಿ ನಡೆದ ಅಧ್ಯಯನವೊಂದು ಅಂಕಿ ಕೊಟ್ಟಿದೆ. ಅಲ್ಲಿ ಮನೆಗಳ ಹುಲ್ಲಿಗೂ, ಹುಲ್ಲು ತೆಗೆದು ಬರ ತಾಳುವ ಗಿಡ ನೆಟ್ಟ ಜಾಗಕ್ಕೂ ಬೇರೆ ಬೇರೆ ಮೀಟರು ಕೂರಿಸಿ ಕೆಲವು ವರ್ಷ ಅಳೆದರು. 2005ರಲ್ಲಿ ಹೊರಬಂದ ವರದಿಯ ಪ್ರಕಾರ ಒಂದು ಚದರ ಮೀಟರ್ ಹುಲ್ಲು ವರ್ಷಕ್ಕೆ ಸುಮಾರು 3,000 ಲೀಟರ್ ಕುಡಿಯುತ್ತಿತ್ತು. ಬದಲಿಸಿದ ತೋಟಕ್ಕೆ 700 ಲೀಟರ್ ಸಾಕಾಗಿತ್ತು. ಚದರ ಮೀಟರಿಗೆ 3,000 ಲೀಟರ್ ಎಂದರೆ 3,000 ಮಿ.ಮೀ. ಮಳೆ. ಮಡಿಕೇರಿಯ ಒಂದು ವರ್ಷದ ಮಳೆಯನ್ನು ನಲ್ಲಿಯಿಂದ ಸುರಿಸಿದರೆ ಮಾತ್ರ ಉಳಿಯುವ ಹುಲ್ಲು ಅದು!

ಹುಲ್ಲು ಹೋದ ಮೇಲೆ ಬಂದದ್ದು ಜಲ್ಲಿ. ಹಿತ್ತಲಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ನಾಲ್ಕು ಬೆರಳು ದಪ್ಪ ಕೆಂಪು ಜಲ್ಲಿ ಹರವಿ, ಅಲ್ಲಲ್ಲಿ ಒಂದೊಂದು ಕಳ್ಳಿ ನೆಟ್ಟರೆ ಮುಗಿಯಿತು. ನೀರಿನ ಬಿಲ್ಲೂ ಇಳಿಯಿತು, ಮರುಭೂಮಿಯ ಕಳೆಯೂ ಬಂತು ಎಂದು ಮನೆಯೊಡೆಯರು ಸಮಾಧಾನಪಟ್ಟರು. ನನ್ನ ಮಟ್ಟಿಗೆ ಈ ಜಲ್ಲಿ ಹಿತ್ತಲು ಮರುಭೂಮಿಯ ವೇಷ ಅಷ್ಟೆ. ನಿಜವಾದ ಸೊನೋರಾ ಮರುಭೂಮಿಯಲ್ಲಿ ಹೀಗೆ ಬೋಳಾಗಿ ಬಿದ್ದಿರುವ ಕಲ್ಲಿನ ಬಯಲು ಕಡಿಮೆ. ಅಲ್ಲಿ ಮರಗಳಿವೆ, ಮರದಡಿ ಪೊದೆಗಳಿವೆ, ಪೊದೆಯಡಿ ಕಳ್ಳಿಮರಿಗಳಿವೆ. ಜಗತ್ತಿನ ಮರುಭೂಮಿಗಳಲ್ಲೇ ಇಷ್ಟು ಸಸ್ಯಸಂಪತ್ತು ಇರುವಂಥವು ವಿರಳ.

ಜಲ್ಲಿಯ ದೋಷ ಹಗಲಿಗಿಂತ ರಾತ್ರಿ ಹೆಚ್ಚು ತಿಳಿಯುತ್ತದೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುತ್ತಲಿನಿಂದ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಎಳೆದುಕೊಳ್ಳುತ್ತದೆ. ಹುಲ್ಲು ನೀರು ಪೋಲು ಮಾಡುತ್ತಿದ್ದರೂ ಈ ಲೆಕ್ಕದಲ್ಲಿ ಅಂಗಳವನ್ನು ತಂಪಾಗಿಟ್ಟಿತ್ತು. ಜಲ್ಲಿಗೆ ಆ ದಾರಿಯಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಗೋಡೆಗೂ ಕಿಟಕಿಗೂ ಉಗುಳುತ್ತದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಮೆಸಾ ನಗರದ ತಮ್ಮ ಆವರಣದ ವಸತಿ ಬಡಾವಣೆಯಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ಬಗೆಯ ಮನೆಗಳ ನಾಲ್ಕು ಗುಂಪು ಮಾಡಿ, ಒಂದಕ್ಕೆ ಹುಲ್ಲು ಮತ್ತು ನೆರಳಿನ ಮರ, ಒಂದಕ್ಕೆ ಹುಲ್ಲು ಜಲ್ಲಿ ಎರಡೂ, ಒಂದಕ್ಕೆ ಹನಿ ನೀರಾವರಿಯ ಒಣತೋಟ, ಮತ್ತೊಂದಕ್ಕೆ ನೀರೇ ಹಾಯಿಸದ ಸ್ಥಳೀಯ ಗಿಡಗಳನ್ನು ಕೊಟ್ಟು ಉಷ್ಣಮಾಪಕ ನೆಟ್ಟರು. ಹುಲ್ಲು ಮತ್ತು ಮರದ ಗುಂಪೇ ಹೆಚ್ಚು ತಂಪಾಗಿತ್ತು. ಪ್ಲಾಸ್ಟಿಕ್ ಹುಲ್ಲಿನ ಗತಿ ಇನ್ನೂ ಕೆಟ್ಟದ್ದು: ಬೇಸಿಗೆಯ ಮಧ್ಯಾಹ್ನ ಅದರ ಮೈ 70 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಮಕ್ಕಳು ಆಡಲೆಂದು ಹಾಸಿದ್ದರ ಮೇಲೆ ಮಕ್ಕಳು ಕಾಲಿಡುವಂತಿಲ್ಲ.

ರಾತ್ರಿಯ ಬಿಸಿ ಮನುಷ್ಯರಿಗಷ್ಟೇ ತೊಂದರೆಯಲ್ಲ. ಸವಾರೊ ಎಂಬ ಆ ಮರುಭೂಮಿಯ ಹೆಗ್ಗಳ್ಳಿ ಹಗಲಿನಲ್ಲಿ ಮೈಮೇಲಿನ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ರಾತ್ರಿ ತಂಪಾದಾಗ ತೆರೆದು, ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲದ ರೂಪದಲ್ಲಿ ಕೂಡಿಟ್ಟು, ಮಾರನೆಯ ದಿನ ಬಾಗಿಲು ಹಾಕಿಕೊಂಡೇ ಅದರಿಂದ ಸಕ್ಕರೆ ಮಾಡುತ್ತದೆ. ನೀರು ಕಳೆಯದೆ ಊಟ ಮಾಡುವ ಉಪಾಯ. ರಾತ್ರಿಯೇ ತಣಿಯದಿದ್ದರೆ? 2023ರ ಬೇಸಿಗೆಯಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಗರಿಷ್ಠ ಉಷ್ಣಾಂಶ 43 ಡಿಗ್ರಿ ದಾಟಿತು. ಒಂದು ರಾತ್ರಿಯಂತೂ ಪಾದರಸ 36 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಆ ವರ್ಷ ನಗರದ ಸವಾರೊಗಳು ತೋಳು ಉದುರಿಸಿಕೊಂಡವು, ಕೆಲವು ಬುಡಸಮೇತ ಕುಸಿದವು. ಅಲ್ಲಿನ ಮರುಭೂಮಿ ಸಸ್ಯೋದ್ಯಾನದ ತಜ್ಞರು ಬೊಟ್ಟುಮಾಡಿದ್ದು ಈ ತಣಿಯದ ರಾತ್ರಿಗಳತ್ತ. ಕಳ್ಳಿ ಎಂದರೆ ಎಂಥ ಉರಿಯನ್ನೂ ತಡೆಯುತ್ತದೆಂದು ಜಲ್ಲಿಯ ನಡುವೆ ಒಂಟಿಯಾಗಿ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಹಾಗಾದರೆ ಹಿತ್ತಲನ್ನು ಹೊಸದಾಗಿ ಮಾಡುವವರು ಎಲ್ಲಿಂದ ಶುರುಮಾಡಬೇಕು? ಹೆಚ್ಚಿನವರು ನರ್ಸರಿಗೆ ಹೋಗಿ ಗಿಡ ಆರಿಸುತ್ತಾರೆ. ಆದರೆ ಮಳೆ ಬರುವಾಗ ಕೊಡೆ ಹಿಡಿದು ಹಿತ್ತಲಲ್ಲಿ ನಿಂತು, ಸೂರಿನ ನೀರು ಎಲ್ಲಿ ಬೀಳುತ್ತದೆ, ಎತ್ತ ಓಡುತ್ತದೆ ಎಂದು ನೋಡುವುದೇ ಮೊದಲ ಕೆಲಸ. ಟೂಸಾನ್‌ಗೆ ಮಳೆಗಾಲ ಎರಡು. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನದು ಮುಂಗಾರು. ಅಲ್ಲಿಯೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಸಂಜೆ ಗುಡುಗಿ, ಧೂಳೆಬ್ಬಿಸಿ, ಅರ್ಧ ಗಂಟೆ ಹುಯ್ದು ಹೋಗುವ ಮಳೆ. ಇನ್ನೊಂದು ಚಳಿಗಾಲದ ಜಿನುಗು. ವರ್ಷದ ಮಳೆಯಲ್ಲಿ ಅರ್ಧದಷ್ಟು ಬೇಸಿಗೆಯದೇ, ಅದೂ ಸುರಿದ ಭರಕ್ಕೆ ನೆಲ ಕುಡಿಯುವ ಮುನ್ನವೇ ಬೀದಿ ಸೇರುವಂಥದು.

ಒಂದು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಚಾವಣಿ 150 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 270 ಮಿ.ಮೀ.ಗೆ 40,500 ಲೀಟರ್; ಸಿಡಿದು ಆರಿ ಹೋದದ್ದನ್ನು ಕಳೆದರೂ 34,000 ಲೀಟರ್ ಕೈಗೆ ಸಿಗುತ್ತದೆ. ಐದು ಮೀಟರ್ ಅಗಲ ಕೊಂಬೆ ಹರಡಿದ ಸ್ಥಳೀಯ ಮರವೊಂದಕ್ಕೆ ವರ್ಷಕ್ಕೆ ಅಂದಾಜು 10,000 ಲೀಟರ್ ಬೇಕು. ಅದರಲ್ಲಿ ಅರ್ಧ ನೇರವಾಗಿ ತನ್ನ ಕೊಂಬೆಯಡಿಯ ನೆಲದ ಮೇಲೆ ಬೀಳುವ ಮಳೆಯಿಂದಲೇ ಬರುತ್ತದೆ. ಉಳಿದ 5,000 ಲೀಟರನ್ನು ಸೂರು ಕೊಡಬೇಕು. ಅಂದರೆ ಒಂದು ಸಾಧಾರಣ ಮನೆಯ ಚಾವಣಿ ಆರು ಮರಗಳನ್ನು ಸಾಕಬಲ್ಲದು, ನಲ್ಲಿ ತಿರುಗಿಸದೆ. ಒರಟು ಲೆಕ್ಕ ಇದು. ಮಳೆ ತಪ್ಪಿದ ವರ್ಷ ಕೈಕೊಡುತ್ತದೆ, ಎಳೆಯ ಗಿಡಗಳಿಗೆ ಮೊದಲ ಎರಡು ಮೂರು ವರ್ಷ ನೀರು ಹಾಯಿಸಲೇಬೇಕು. ಆದರೂ ಆರು ಮರ ಎಂದರೆ ಇಡೀ ಹಿತ್ತಲಿನ ನೆರಳು.

ಈ ಲೆಕ್ಕವನ್ನು ಟೂಸಾನ್‌ನಲ್ಲಿ ಮನೆಮಾತು ಮಾಡಿದವರಲ್ಲಿ ಬ್ರ್ಯಾಡ್ ಲ್ಯಾಂಕಾಸ್ಟರ್ ಮುಖ್ಯರು. 1994ರಲ್ಲಿ ಅವರೂ ಅವರ ಸಹೋದರರೂ ಸೇರಿ ಊರ ನಡುವೆ ಒಂದು ಎಕರೆಯ ಎಂಟನೇ ಒಂದು ಭಾಗದಷ್ಟು ಜಾಗದ ಹಳೆ ಮನೆ ಕೊಂಡರು. ಮರುವರ್ಷ ಬ್ರ್ಯಾಡ್ ಆಫ್ರಿಕಾ ಸುತ್ತುವಾಗ ಜಿಂಬಾಬ್ವೆಯ ಜ್ವಿಶಾವಾನೆ ಎಂಬಲ್ಲಿ ಜೆಫನಾಯ ಫಿರಿ ಮಸೇಕೊ ಎಂಬ ರೈತರನ್ನು ಕಂಡರು. ಬಿಳಿಯರ ಆಡಳಿತ ಫಿರಿಯವರನ್ನು ರಾಜಕೀಯದ ಕಾರಣಕ್ಕೆ ರೈಲ್ವೆ ಕೆಲಸದಿಂದ ಓಡಿಸಿತ್ತು. ಬೇರೆ ದಾರಿಯಿಲ್ಲದೆ ಅವರು ತಮ್ಮ ಒಣಭೂಮಿಯ ಮೇಲ್ತುದಿಯಲ್ಲಿ ಕಲ್ಲಿನ ತಡೆಗೋಡೆ, ಅದರ ಕೆಳಗೆ ಹೊಂಡ, ಅದರ ಕೆಳಗೆ ಇಂಗುಗುಂಡಿಗಳ ಸಾಲು ಮಾಡುತ್ತ, ಬಂಡೆಯಿಂದ ಜಾರುವ ಪ್ರತಿ ಹನಿಯನ್ನೂ ಮಣ್ಣಿಗಿಳಿಸಿ, ಬರದ ನಾಡಿನಲ್ಲಿ ಬಾಳೆ ಬೆಳೆದಿದ್ದರು. ಗಿಡಕ್ಕಿಂತ ಮೊದಲು ಮಳೆಗೆ ಜಾಗ ಮಾಡಬೇಕೆಂಬ ಪಾಠ ಅಲ್ಲಿಂದ ಟೂಸಾನ್‌ಗೆ ಬಂತು. ಬ್ರ್ಯಾಡ್ ತಮ್ಮ ಮನೆಮುಂದಿನ ರಸ್ತೆಯ ಅಂಚುಕಲ್ಲನ್ನೇ ಕೊಯ್ದು ಬೀದಿನೀರನ್ನು ಮರದ ಪಾತಿಗೆ ತಿರುಗಿಸಿಕೊಂಡರು. ಆಗ ಅದು ಕಾನೂನಿಗೆ ವಿರುದ್ಧ. ಮುಂದೆ ನಗರಾಡಳಿತವೇ ಅದಕ್ಕೆ ಕ್ರಮಬದ್ಧ ಅನುಮತಿ ಕೊಡತೊಡಗಿತು. 2008ರಲ್ಲಿ ಟೂಸಾನ್, ಹೊಸ ವಾಣಿಜ್ಯ ಕಟ್ಟಡಗಳ ತೋಟಕ್ಕೆ ಬೇಕಾದ ನೀರಿನಲ್ಲಿ ಅರ್ಧವಾದರೂ ಮಳೆಕೊಯ್ಲಿನದೇ ಆಗಿರಬೇಕೆಂದು ಕಟ್ಟಳೆ ಮಾಡಿತು.

ಹಿತ್ತಲಿನಲ್ಲಿ ಇದನ್ನು ಮಾಡಲು ಟ್ಯಾಂಕು ಬೇಕೇಬೇಕೆಂದಿಲ್ಲ. ಮಣ್ಣೇ ಟ್ಯಾಂಕು, ಮತ್ತು ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗೋಡೆಯಿಂದ ಕನಿಷ್ಠ ಮೂರು ಮೀಟರ್ ದೂರದಲ್ಲಿ ಮೊಣಕಾಲಿನ ಅರ್ಧದಷ್ಟು ಆಳದ ಅಗಲ ಪಾತಿ ತೋಡಬೇಕು. ಅಡಿಪಾಯಕ್ಕೆ ನೀರು ತಾಗಬಾರದು, ಅದಕ್ಕೇ ಈ ದೂರ. ಅಗೆದ ಮಣ್ಣನ್ನು ಸುತ್ತ ಏರಿಸಿದರೆ ಓಡಾಡಲು ಕಾಲುದಾರಿ. ಸೂರಿನ ನೀರು ಮೊದಲ ಪಾತಿ ತುಂಬಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಇಳಿಯಬೇಕು. ಪ್ರತಿ ಪಾತಿಗೂ ಕಲ್ಲು ಜೋಡಿಸಿದ ಕೋಡಿ ಇರಲೇಬೇಕು. ಕೋಡಿಯಿಲ್ಲದೆ ಕೆರೆ ಕಟ್ಟಿದರೆ ಏರಿ ಒಡೆಯುತ್ತದೆಂದು ಬಯಲುಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾತಿಯ ತಳಕ್ಕೆ ಮರದ ಚಕ್ಕೆ, ಒಣ ಎಲೆಗಳ ಹೊದಿಕೆ. ಒಂದು ದಿನದೊಳಗೆ ನೀರು ಇಂಗಿದರೆ ಸೊಳ್ಳೆಯ ಚಿಂತೆಯಿಲ್ಲ.

ಇಂಗದಿದ್ದರೆ ಅಪರಾಧಿ ಹೆಚ್ಚಾಗಿ ಕಲೀಚಿ ಎಂಬ ಸುಣ್ಣದ ಪದರ. ಮಳೆನೀರು ಮಣ್ಣಿನ ಸುಣ್ಣವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಮಳೆ ಜೋರಿರುವ ನಾಡಿನಲ್ಲಿ ಆ ಸುಣ್ಣ ಅಂತರ್ಜಲದವರೆಗೂ ಹೋಗುತ್ತದೆ. ಇಲ್ಲಿ ಒಂದೆರಡು ಅಡಿ ಇಳಿಯುವಷ್ಟರಲ್ಲಿ ನೀರು ಆರಿ, ಸುಣ್ಣ ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಹೀಗೆ ಕೂಡುತ್ತಾ ಹೋದರೆ ಮಣ್ಣಿನ ಕಣಗಳು ಅಂಟಿಕೊಂಡು ಕಾಂಕ್ರೀಟಿನಂಥ ಪದರವಾಗುತ್ತದೆ. ವಿಜಯಪುರದ ಕಡೆ ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳುಗಳೂ ಇದೇ ಕುಲದವು. ಕಲೀಚಿಯಲ್ಲಿ ಗುಂಡಿ ತೋಡಿ ಗಿಡ ನೆಟ್ಟರೆ ತೂತಿಲ್ಲದ ಕುಂಡದಲ್ಲಿ ನೆಟ್ಟಂತೆ: ಮರುಭೂಮಿಯಲ್ಲಿ ಗಿಡ ನೀರಿನಲ್ಲಿ ಮುಳುಗಿ ಸಾಯುತ್ತದೆ. ಆದ್ದರಿಂದ ನೆಡುವ ಮುನ್ನ ಗುಂಡಿಗೆ ನೀರು ತುಂಬಿಸಿ ನೋಡಬೇಕು. ನಾಲ್ಕು ಗಂಟೆಯಲ್ಲಿ ನಾಲ್ಕು ಇಂಚಾದರೂ ಇಳಿಯದಿದ್ದರೆ ಹಾರೆಯಿಂದ ಪದರದ ಆಚೆಯವರೆಗೆ ತೂತು ಕೊರೆಯಬೇಕು, ಇಲ್ಲವೇ ಜಾಗ ಬದಲಿಸಬೇಕು. ಎರಡನೆಯದೇ ಸುಲಭ.

ನೀರು ಎಲ್ಲಿ ನಿಲ್ಲುತ್ತದೆಂದು ಗೊತ್ತಾದ ಮೇಲೆ ನೆರಳಿನ ಲೆಕ್ಕ. ಟೂಸಾನ್ ಇರುವುದು 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಯ ನಡುಹಗಲಲ್ಲಿ ಸೂರ್ಯ ಅಲ್ಲಿ 81 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ತೆಂಕಣ ಗೋಡೆಗೆ ಆಗ ಬಿಸಿಲು ಓರೆಯಾಗಿ ಸವರುತ್ತದಷ್ಟೆ. ಒಂದಿಷ್ಟು ಚಾಚಿದ ಸೂರು ಅದನ್ನು ತಡೆಯುತ್ತದೆ. ಮನೆಯನ್ನು ಕಾಯಿಸುವುದು ಬೆಳಗಿನ ಮೂಡಣ ಬಿಸಿಲು ಮತ್ತು ಅದಕ್ಕಿಂತ ಹೆಚ್ಚಾಗಿ ಸಂಜೆಯ ಪಡುವಣ ಬಿಸಿಲು. ಹೊತ್ತು ಇಳಿದಾಗ ಕಿರಣಗಳು ಗೋಡೆಗೆ ನೇರವಾಗಿ ಬಡಿಯುತ್ತವೆ, ಅದೂ ಗಾಳಿ ಅತಿ ಹೆಚ್ಚು ಬಿಸಿಯಾಗಿರುವ ಹೊತ್ತಿನಲ್ಲಿ. ಚಳಿಗಾಲದಲ್ಲಿ ಇದು ತಿರುಗುಮುರುಗು: ಡಿಸೆಂಬರಿನ ನಡುಹಗಲು ಸೂರ್ಯ 34 ಡಿಗ್ರಿಗೆ ಇಳಿದು ತೆಂಕಣ ಕಿಟಕಿಯಿಂದ ಮನೆಯೊಳಗೆ ಬರುತ್ತಾನೆ, ಬೇಕಾಗಿರುವುದೂ ಅದೇ. ಆದ್ದರಿಂದ ಆರು ಮರಗಳಲ್ಲಿ ಹೆಚ್ಚಿನವು ಪಡುವಣಕ್ಕೆ, ಉಳಿದವು ಮೂಡಣಕ್ಕೆ, ತೆಂಕಣ ಬಯಲು. ಬೆಂಗಳೂರಿನವರು ಈ ಸೂತ್ರವನ್ನು ಹಾಗೆಯೇ ತಂದುಕೊಳ್ಳುವಂತಿಲ್ಲ. 13ನೇ ಅಕ್ಷಾಂಶದಲ್ಲಿ ಜೂನಿನ ಸೂರ್ಯ ನೆತ್ತಿ ದಾಟಿ ಬಡಗಣಕ್ಕೇ ಸರಿದಿರುತ್ತಾನೆ.

ಸಂಜೆ ಕೂರುವ ಜಗಲಿಯನ್ನು ಮನೆಯ ಮೂಡಣಕ್ಕೆ ಕಟ್ಟಿದರೆ ಮನೆಯೇ ಅದಕ್ಕೆ ನೆರಳು. ಇದು ಇಷ್ಟು ಸರಳವಾಗಿದ್ದರೂ ಬಹಳಷ್ಟು ಹಿತ್ತಲುಗಳಲ್ಲಿ ಕಲ್ಲುಚಪ್ಪಡಿಯ ಅಂಗಳ ಪಡುವಣದಲ್ಲೇ ಕಾದು ಬಿದ್ದಿರುತ್ತದೆ. ಸೂರ್ಯಾಸ್ತ ನೋಡುವ ಆಸೆ ಇರಬೇಕು. ಮರ ಬೆಳೆಯುವವರೆಗೆ ಚಪ್ಪರ ಹಾಕಬಹುದು. ಆ ನೆಲದ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನ ಮೆಸ್ಕೀಟ್ ಮರದ ಕಂಬ ನೆಟ್ಟು, ಒಣಗಿದ ಸವಾರೊವಿನ ಒಳಗಿನ ಉದ್ದನೆಯ ಕಟ್ಟಿಗೆ ಹೊದಿಸಿ ಕಟ್ಟುವ ಚಪ್ಪರಕ್ಕೆ ನಾಲ್ಕು ಕಡೆಯೂ ಗೋಡೆಯಿಲ್ಲ. ನೆರಳೂ ಬೇಕು, ಗಾಳಿಯೂ ಆಡಬೇಕು.

ಇನ್ನು ಮರಗಳು. ಮೆಸ್ಕೀಟ್ ನಮಗೆ ಅಪರಿಚಿತವಲ್ಲ. ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿಯ ಹತ್ತಿರದ ಬಂಧು ಅದು, ಊರೂರಿನ ಕೆರೆಯಂಗಳ ನುಂಗಿದ ಬಳ್ಳಾರಿ ಜಾಲಿಯ ಇನ್ನೂ ಹತ್ತಿರದ ಬಂಧು. ಅಮೆರಿಕ ಖಂಡಗಳ ಮೂಲದ ಈ ಜಾಲಿ ನಮ್ಮಲ್ಲಿ ಪೀಡೆಯಾಗಿದೆ. ಅದರ ಬಳಗದ ಮೆಸ್ಕೀಟ್ ತನ್ನ ತವರಿನಲ್ಲಿ ಹಿತ್ತಲಿಗೆ ಒಪ್ಪುವ ಮರ. ಟೂಸಾನ್ ಬಳಿಯ ತೆರೆದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಮೆಸ್ಕೀಟ್ ಬೇರು ಸಿಕ್ಕಿದ್ದನ್ನು 1963ರಲ್ಲಿ ವಿಜ್ಞಾನಿಯೊಬ್ಬರು ದಾಖಲಿಸಿದ್ದಾರೆ. ಅದಕ್ಕಿಂತ ಸೋಜಿಗದ ಸಂಗತಿ ಆಮೇಲೆ ಗೊತ್ತಾಯಿತು. ಎಲೆ ಉದುರಿದ ಚಳಿಗಾಲದಲ್ಲಿ ಮಳೆ ಬಿದ್ದರೆ ಮೇಲುಬೇರುಗಳು ಆ ನೀರನ್ನು ಹೀರಿ ತಾಯಿಬೇರಿನ ಮೂಲಕ ಆಳದ ಒಣಮಣ್ಣಿಗೆ ಇಳಿಸುತ್ತವೆ. ಅಲ್ಲಿ ಬಿಸಿಲು ಅದನ್ನು ಮುಟ್ಟಲಾರದು. ವಸಂತದಲ್ಲಿ ಚಿಗುರುವಾಗ ಮರ ಅದೇ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಪಾಲೊ ವರ್ಡೆ ಎಂಬ ಇನ್ನೊಂದು ಮರದ ದಾರಿಯೇ ಬೇರೆ. ಬರ ಬಂದರೆ ಎಲೆಯನ್ನೆಲ್ಲ ಉದುರಿಸಿ, ಹಸಿರು ತೊಗಟೆಯಲ್ಲೇ ಅಡುಗೆ ಮಾಡಿಕೊಳ್ಳುತ್ತದೆ.

ಇಂಥ ಮರಗಳನ್ನೂ ಕೆಡಿಸಬಹುದು, ದಿನಕ್ಕೊಂದು ಲೋಟ ನೀರು ಕುಡಿಸಿ. ಹನಿ ನೀರಾವರಿಯ ಟೈಮರನ್ನು ದಿನಾ ಹತ್ತು ನಿಮಿಷಕ್ಕೆ ಇಟ್ಟರೆ ಬೇರು ಮೇಲಿನ ಅರ್ಧ ಅಡಿಯಲ್ಲೇ ಸುತ್ತುತ್ತದೆ, ಲವಣವೂ ಅಲ್ಲೇ ಕೂಡುತ್ತದೆ, ಮುಂಗಾರಿನ ಮೊದಲ ಬಿರುಗಾಳಿಗೆ ಮರ ಮಗುಚುತ್ತದೆ. ಫೀನಿಕ್ಸ್‌ನಲ್ಲಿ ಪ್ರತಿ ಮಳೆಗಾಲವೂ ಹೀಗೆ ಅಡ್ಡಬಿದ್ದ ಮರಗಳನ್ನು ಗರಗಸದಲ್ಲಿ ಕೊಯ್ಯುವುದೇ ಒಂದು ಕಸುಬು. ಮರಕ್ಕೆ ನೀರು ಬಿಟ್ಟರೆ ಎರಡರಿಂದ ಮೂರು ಅಡಿ ಆಳ ನೆನೆಯಬೇಕು. ಆಮೇಲೆ ಬೇಸಿಗೆಯಲ್ಲೂ ಒಂದರಿಂದ ಮೂರು ವಾರ, ಚಳಿಗಾಲದಲ್ಲಿ ತಿಂಗಳಿಗಿಂತ ಹೆಚ್ಚು ದಿನ ಬಿಡುವು. ಮರ ಬೆಳೆದಂತೆ ಹನಿನಳಿಕೆಯನ್ನು ಬುಡದಿಂದ ಕೊಂಬೆಯ ಅಂಚಿಗೆ ಸರಿಸಬೇಕು, ಏಕೆಂದರೆ ನೀರು ಹೀರುವ ಬೇರಿರುವುದು ಅಲ್ಲಿ. ನೆಡುವ ಗುಂಡಿ ಬೇರಿನ ಗಡ್ಡೆಯಷ್ಟೇ ಆಳ, ಮೂರು ಪಟ್ಟು ಅಗಲ ಇರಲಿ. ಸ್ಥಳೀಯ ಗಿಡಗಳ ಗುಂಡಿಗೆ ಗೊಬ್ಬರ ತುಂಬುವ ಅಗತ್ಯವಿಲ್ಲ. ನಿಂಬೆ, ಕಿತ್ತಳೆ ನೆಟ್ಟವರಿಗೆ ಮಾತ್ರ ಇನ್ನೊಂದು ಕಾಟ: ಸುಣ್ಣದ ಮಣ್ಣಿನ ಕ್ಷಾರಕ್ಕೆ ಕಬ್ಬಿಣ ಕರಗದೆ ಎಲೆ ಹಳದಿಯಾಗಿ ನರವಷ್ಟೇ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಎಟುಕುವುದಿಲ್ಲ.

ನಿಂಬೆ, ದಾಳಿಂಬೆ, ಅಂಜೂರಗಳಿಗೆ ಬಚ್ಚಲ ನೀರಿದೆ. ನಮ್ಮ ಹಳ್ಳಿಗಳ ಹಿತ್ತಲಲ್ಲಿ ಬಾಳೆ, ಕೆಸುವು ಬದುಕಿದ್ದೇ ಅದರಿಂದ. ಅರಿಜೋನಾದಲ್ಲಿ 2001ರಿಂದ ದಿನಕ್ಕೆ 1,500 ಲೀಟರಿನವರೆಗೆ ಸ್ನಾನದ, ಬಟ್ಟೆ ಒಗೆದ ನೀರನ್ನು ಮನೆಯವರು ಅರ್ಜಿ ಹಾಕದೆ ತೋಟಕ್ಕೆ ಬಿಡಬಹುದು. ಅಡುಗೆಮನೆಯ ನೀರು ಸಲ್ಲದು, ಸಿಂಪಡಿಸುವಂತಿಲ್ಲ, ಬೇಲಿ ದಾಟಿ ಹರಿಯುವಂತಿಲ್ಲ. ಸೋಡಿಯಂ ಹೆಚ್ಚಿರುವ ಸೋಪಿನ ಪುಡಿ ಬಳಸಿದರೆ ಮೊದಲೇ ಕ್ಷಾರದ ಮಣ್ಣು ಇನ್ನಷ್ಟು ಬಿಗಿಯುತ್ತದೆ.

ಕಳ್ಳಿಯ ಸರದಿ ಕೊನೆಗೆ, ಮರಗಳಡಿ. ಕಾಡಿನಲ್ಲಿ ಸವಾರೊ ಬೀಜ ಮೊಳೆತು ಬದುಕುವುದೇ ಮೆಸ್ಕೀಟ್ ಅಥವಾ ಪಾಲೊ ವರ್ಡೆಯ ಮಡಿಲಲ್ಲಿ. ಹಗಲ ಬಿಸಿಲನ್ನೂ ಚಳಿಯ ರಾತ್ರಿಯ ಹಿಮವನ್ನೂ ಆ ಕೊಂಬೆಗಳು ತಡೆಯುತ್ತವೆ. ಮೊದಲ ಎಂಟು ವರ್ಷಕ್ಕೆ ಅದು ಒಂದೂವರೆ ಇಂಚು ಎತ್ತರವಾದರೆ ಹೆಚ್ಚು. ತೋಳು ಮೂಡಲು ಐವತ್ತರಿಂದ ನೂರು ವರ್ಷ. ಮೊಮ್ಮಕ್ಕಳಿಗೆಂದು ತೆಂಗು ನೆಡುವವರೂ ಇಷ್ಟು ಕಾಯುವುದಿಲ್ಲ. ಅದಕ್ಕೇ ಜನ ದೊಡ್ಡದನ್ನೇ ಕೊಂಡು ತಂದು ನಿಲ್ಲಿಸುತ್ತಾರೆ. ಸರ್ಕಾರದ ಪರವಾನಗಿ ಚೀಟಿಯಿಲ್ಲದ ಸವಾರೊ ಕಿತ್ತು ಸಾಗಿಸುವುದು ಅರಿಜೋನಾದಲ್ಲಿ ಅಪರಾಧ. ಕೀಳುವ ಮುನ್ನ ಅದರ ತೆಂಕಣ ಮೈಗೆ ಗುರುತು ಹಾಕಿ, ಹೊಸ ಜಾಗದಲ್ಲೂ ಅದೇ ಮೈಯನ್ನು ತೆಂಕಣಕ್ಕೆ ತಿರುಗಿಸಿ ನೆಡುವುದು ಬಲ್ಲವರ ಪದ್ಧತಿ. ಬಡಗಣದ ಎಳೆ ಸಿಪ್ಪೆಗೆ ಬಿಸಿಲಿನ ರೂಢಿಯಿಲ್ಲ, ದಿಕ್ಕು ತಪ್ಪಿದರೆ ಸುಟ್ಟುಹೋಗುತ್ತದೆ.

ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಇಂಟೆಲ್ ಕಾರ್ಖಾನೆಗಳಿವೆ. ಆ ಸುತ್ತಿನಲ್ಲಿ ನೆಲೆನಿಂತ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ. ಅವರು ಹಿತ್ತಲಲ್ಲಿ ಬಯಸುವ ಊರಿನ ಗಿಡಗಳಲ್ಲಿ ನುಗ್ಗೆ ಅಲ್ಲಿನ ಉರಿಗೆ ಹೆದರುವುದಿಲ್ಲ, ಚಳಿಗೆ ಕೊಂಬೆ ಸತ್ತರೂ ಬುಡದಿಂದ ಮತ್ತೆ ಚಿಗುರುತ್ತದೆ. ಕರಿಬೇವಿನ ಕತೆ ತುಸು ಸೂಕ್ಷ್ಮ. ನಿಂಬೆ ಜಾತಿಯ ಮರಗಳಿಗೆ ಮಾರಕ ರೋಗ ಹರಡುವ ಪುಟ್ಟ ಜಿಗಿಹುಳುವಿಗೆ ಕರಿಬೇವು ಅಚ್ಚುಮೆಚ್ಚು. ಹಾಗಾಗಿ ನಿರ್ಬಂಧಿತ ಪ್ರದೇಶಗಳಿಂದ ಅದರ ಸಸಿ ಸಾಗಿಸುವುದಕ್ಕೆ ಅಮೆರಿಕದಲ್ಲಿ ಕಟ್ಟುನಿಟ್ಟಿನ ತಡೆಯಿದೆ. ಪರಿಚಿತರ ಮನೆಯ ಕುಂಡದಿಂದ ಒಂದು ಸಸಿ ಕಾರಿನಲ್ಲಿಟ್ಟುಕೊಂಡು ಬರುವ ನಮ್ಮ ರೂಢಿ ಅಲ್ಲಿ ನಡೆಯದು. ಪ್ರಮಾಣಪತ್ರವಿರುವ ನರ್ಸರಿಯಿಂದಲೇ ಕೊಳ್ಳಬೇಕು.

ನೆಡಲೇಬಾರದ್ದೂ ಒಂದಿದೆ. ನರ್ಸರಿಗಳಲ್ಲಿ ಅಂದಕ್ಕೆಂದು ಮಾರಾಟವಾಗಿ ಹಿತ್ತಲು ಸೇರಿದ ಕಾರಂಜಿ ಹುಲ್ಲು ಬೇಲಿ ಹಾರಿ ಗುಡ್ಡ ಸೇರಿದೆ. ಇನ್ನು ದನದ ಮೇವಿಗೆಂದು ತಂದ ಅಂಜನ್ ಹುಲ್ಲು ಟೂಸಾನ್ ಸುತ್ತಲಿನ ಇಳಿಜಾರುಗಳನ್ನು ಆವರಿಸಿಕೊಂಡಿದೆ. ನಮ್ಮ ದೇಶದ ಒಣಸೀಮೆಗಳಲ್ಲಿ ಮೇವಿಗೆ ಬೆಳೆಸುವ ಹುಲ್ಲೇ ಅದು. ಸೊನೋರಾ ಮರುಭೂಮಿಯಲ್ಲಿ ಗಿಡಗಳ ನಡುವೆ ಬರಿನೆಲ ಇರುವುದರಿಂದ ಬೆಂಕಿ ಹರಡುತ್ತಿರಲಿಲ್ಲ, ಸವಾರೊಗಳಿಗೆ ಬೆಂಕಿ ತಡೆಯುವ ಶಕ್ತಿಯೂ ಇಲ್ಲ. ಈ ಹುಲ್ಲು ಆ ಬರಿನೆಲವನ್ನು ತುಂಬಿ, ಒಣಗಿ, ಒಂದು ಕಿಡಿಗೆ ಇಡೀ ಗುಡ್ಡ ಹತ್ತಿಕೊಳ್ಳುವಂತೆ ಮಾಡುತ್ತದೆ. ಮುಂಗಾರು ಮುಗಿದು ನೆಲ ಮೆತ್ತಗಿರುವಾಗ, ತೆನೆ ಉದುರುವ ಮುನ್ನ, ಹಾರೆ ಹಿಡಿದು ಅದನ್ನು ಬುಡಸಮೇತ ಕಿತ್ತು ಚೀಲಕ್ಕೆ ತುಂಬಬೇಕು. ಬೀಜ ಮಣ್ಣಿನಲ್ಲಿ ಕೆಲವು ವರ್ಷ ಉಳಿಯುವುದರಿಂದ ಮರುವರ್ಷವೂ ಅದೇ ಜಾಗಕ್ಕೆ ಹೋಗಿ ನೋಡಬೇಕು.